ಹಾಸಿಗೆಯ ಮೇಲಿನ ಗುರು: ಸಾರ್ವಜನಿಕ ಬೋಧಕ ಆಸ್ಪತ್ರೆಯ ಲೆಕ್ಕಕ್ಕೆ ಸಿಗದ ಋಣ

ದೊಡ್ಡ ನಗರವೊಂದರ ಸಾರ್ವಜನಿಕ ಬೋಧಕ ಆಸ್ಪತ್ರೆಯಲ್ಲಿ ಬೆಳಗಿನ ರೌಂಡ್ಸ್ ನಡೆಯುವುದನ್ನು ನೋಡಿದವರಿಗೆ ಒಂದು ಸಂಗತಿ ಕಣ್ಣಿಗೆ ಬೀಳದೆ ಇರದು. ಹಾಸಿಗೆಯ ಮೇಲೆ ಒಬ್ಬ ರೋಗಿ. ಸುತ್ತ ಎಂಟು ಹತ್ತು ಜನ. ಯೂನಿಟ್ಟಿನ ಮುಖ್ಯಸ್ಥರು, ಸಹಾಯಕ ಪ್ರಾಧ್ಯಾಪಕರು, ಸ್ನಾತಕೋತ್ತರ ವಿದ್ಯಾರ್ಥಿಗಳು, ಹೌಸ್ ಸರ್ಜನ್ನರು, ಎಲ್ಲರ ಹಿಂದೆ ಕತ್ತು ಚಾಚಿ ನಿಂತ ಕಿರಿಯ ವಿದ್ಯಾರ್ಥಿಗಳು. ಮಾತೆಲ್ಲ ರೋಗಿಯ ಕುರಿತೇ ನಡೆಯುತ್ತದೆ, ರೋಗಿಯೊಡನೆ ನಡೆಯುವುದು ಕಡಿಮೆ. ಒಬ್ಬರಾದ ಮೇಲೆ ಒಬ್ಬರು ಹೊಟ್ಟೆಯನ್ನು ಒತ್ತಿ ಯಕೃತ್ತಿನ ಅಂಚು ಕೈಗೆ ಸಿಕ್ಕಿತೇ ಎಂದು ನೋಡುತ್ತಾರೆ, ಒಬ್ಬರಾದ ಮೇಲೆ ಒಬ್ಬರು ಬೆನ್ನಿಗೆ ಸ್ಟೆತಸ್ಕೋಪ್ ಇಟ್ಟು ಉಸಿರು ಎಳೆದುಕೊಳ್ಳಲು ಹೇಳುತ್ತಾರೆ. ಐದನೆಯ ಸಲದ ಹೊತ್ತಿಗೆ ರೋಗಿಗೆ ದಣಿವಾಗಿರುತ್ತದೆ. ಆದರೂ ಆತ ಉಸಿರು ಎಳೆದುಕೊಳ್ಳುತ್ತಾನೆ.

ಈ ನೋಟದಲ್ಲಿ ಕೊಡುವವರು ಯಾರು, ಪಡೆಯುವವರು ಯಾರು ಎಂಬ ಪ್ರಶ್ನೆಗೆ ಸಾಮಾನ್ಯವಾಗಿ ಸಿಗುವ ಉತ್ತರ ಒಂದೇ: ಸಮಾಜ ಕೊಡುತ್ತದೆ, ಬಡ ರೋಗಿ ಪಡೆಯುತ್ತಾನೆ. ಸರ್ಕಾರಗಳ ಆಯವ್ಯಯ ಪತ್ರಗಳು ಈ ಉತ್ತರವನ್ನೇ ನೆಚ್ಚಿಕೊಂಡು ಬರೆಯಲ್ಪಡುತ್ತವೆ. ಇಂಥ ಆಸ್ಪತ್ರೆಗಳನ್ನು ಮುಚ್ಚಬೇಕೇ, ಖಾಸಗಿಯವರಿಗೆ ವಹಿಸಬೇಕೇ ಎಂದು ಹಲವು ದೇಶಗಳಲ್ಲಿ ನಡೆಯುತ್ತಿರುವ ವಾದಗಳಲ್ಲಿಯೂ ಎರಡೂ ಕಡೆಯವರು ಇದನ್ನು ಒಪ್ಪಿಕೊಂಡೇ ಮಾತು ಶುರು ಮಾಡುತ್ತಾರೆ. ನನ್ನ ದೃಷ್ಟಿಯಲ್ಲಿ ಇದು ಅರ್ಧ ಲೆಕ್ಕ. ಹಣ ತೆತ್ತು ಚಿಕಿತ್ಸೆ ಪಡೆಯಲಾರದವನು ಅಲ್ಲಿ ತನ್ನ ದೇಹವನ್ನು, ತನ್ನ ಕಾಯಿಲೆಯ ಕಥೆಯನ್ನು, ತನ್ನ ಸಂಕೋಚವನ್ನು ಕಲಿಕೆಗೆ ಒಡ್ಡಿದ್ದಾನೆ. ಹಾಗೆ ಕಲಿತ ವೈದ್ಯರೇ ಮುಂದೆ ಹಣವಂತರ ಹಾಸಿಗೆಯ ಬಳಿ ನಿಲ್ಲುವವರು. ಇದನ್ನು ದಾನವೆಂದು ನೋಡಿದರೆ ಒಂದು ಬಗೆಯ ನೀತಿ ರೂಪುಗೊಳ್ಳುತ್ತದೆ, ಋಣವೆಂದು ನೋಡಿದರೆ ಬೇರೆಯೇ ನೀತಿ ರೂಪುಗೊಳ್ಳುತ್ತದೆ.

ಈ ಅಲಿಖಿತ ಒಪ್ಪಂದ ಅತ್ಯಂತ ನಗ್ನವಾಗಿ ಕಾಣುವುದು 19ನೆಯ ಶತಮಾನದ ವಿಯೆನ್ನಾದಲ್ಲಿ. ಎರಡನೆಯ ಜೋಸೆಫ್ ಚಕ್ರವರ್ತಿ 1784ರಲ್ಲಿ ತೆರೆದ ಅಲ್ಲಿನ ಸಾರ್ವಜನಿಕ ಆಸ್ಪತ್ರೆ ಹತ್ತಾರು ಭಾಷೆಗಳ ಸಾಮ್ರಾಜ್ಯವೊಂದರ ರಾಜಧಾನಿಯಲ್ಲಿತ್ತು. ಬಡ ಗರ್ಭಿಣಿಯರಿಗೆ ಅಲ್ಲಿ ಹೆರಿಗೆ ಉಚಿತ, ಹುಟ್ಟಿದ ಮಗುವನ್ನು ಅನಾಥಾಲಯಕ್ಕೆ ಒಪ್ಪಿಸುವ ಅವಕಾಶವೂ ಉಂಟು. ಅದಕ್ಕೆ ಪ್ರತಿಯಾಗಿ ಆಕೆ ಬೋಧನೆಯ ವಸ್ತುವಾಗಲು ಒಪ್ಪಬೇಕು. ಹೆರಿಗೆ ವಿಭಾಗದಲ್ಲಿ ಎರಡು ಘಟಕಗಳಿದ್ದವು. 1840ರಿಂದ ಮೊದಲನೆಯ ಘಟಕದಲ್ಲಿ ವೈದ್ಯ ವಿದ್ಯಾರ್ಥಿಗಳೂ ಎರಡನೆಯದರಲ್ಲಿ ಸೂಲಗಿತ್ತಿಯರೂ ಕಲಿಯುವ ಏರ್ಪಾಟಾಯಿತು. 1846ರಲ್ಲಿ ಮೊದಲ ಘಟಕಕ್ಕೆ ಬಂದ 4,010 ಬಾಣಂತಿಯರಲ್ಲಿ 459 ಮಂದಿ ಸತ್ತರು, ಅಂದರೆ ಶೇಕಡಾ 11.4. ಎರಡನೆಯ ಘಟಕದಲ್ಲಿ 3,754ರಲ್ಲಿ 105, ಶೇಕಡಾ 2.8. ಒಂದೇ ಕಟ್ಟಡ, ಒಂದೇ ಬಗೆಯ ರೋಗಿಗಳು, ಒಂದೇ ಅನ್ನ, ಒಂದೇ ಗಾಳಿ. ಬೇರೆಯಾಗಿದ್ದದ್ದು ಕಲಿಯುವವರ ಕೈ ಮಾತ್ರ.

ಆ ಕೈಗಳು ಶವಪರೀಕ್ಷೆಯ ಮೇಜಿನಿಂದ ನೇರವಾಗಿ ಹೆರಿಗೆಯ ಮಂಚಕ್ಕೆ ಬರುತ್ತಿದ್ದವು. 1847ರ ಮಾರ್ಚ್‌ನಲ್ಲಿ ಶವಪರೀಕ್ಷೆಯ ಹೊತ್ತಿಗೆ ವಿದ್ಯಾರ್ಥಿಯೊಬ್ಬನ ಚೂರಿ ತಾಗಿ ಆದ ಗಾಯ ನಂಜೇರಿ ಕೊಲೆಚ್ಕಾ ಎಂಬ ಪ್ರಾಧ್ಯಾಪಕರು ಸತ್ತಾಗ, ಅವರ ದೇಹದಲ್ಲಿ ಕಂಡ ಬದಲಾವಣೆಗಳು ಬಾಣಂತಿ ನಂಜಿನಿಂದ ಸತ್ತವರಲ್ಲಿ ಕಾಣುವಂಥವೇ ಎಂಬುದು ಮೊದಲ ಘಟಕದ ವೈದ್ಯ ಇಗ್ನಾಜ್ ಸೆಮ್ಮೆಲ್‌ವೈಸ್‌ಗೆ ಹೊಳೆಯಿತು. ಮೇ ತಿಂಗಳಿನಿಂದ ಎಲ್ಲರೂ ಕ್ಲೋರಿನ್ ದ್ರಾವಣದಲ್ಲಿ ಕೈ ತೊಳೆಯಬೇಕೆಂದು ಆತ ಕಟ್ಟಳೆ ಮಾಡಿದ. 1848ರಲ್ಲಿ ಮೊದಲ ಘಟಕದ ಸಾವಿನ ಪ್ರಮಾಣ ಶೇಕಡಾ 1.3ರ ಆಸುಪಾಸಿಗೆ ಇಳಿಯಿತು. ಈ ಕಥೆಯನ್ನು ಸಾಮಾನ್ಯವಾಗಿ ಗುರುತಿಸಲ್ಪಡದ ಪ್ರತಿಭೆಯೊಂದರ ದುರಂತವೆಂದು ಹೇಳುವ ರೂಢಿ. ಬೋಧಕ ಆಸ್ಪತ್ರೆಯ ದೃಷ್ಟಿಯಿಂದ ನೋಡಿದರೆ ಅದರಲ್ಲಿ ಬೇರೆ ಎರಡು ಸಂಗತಿಗಳಿವೆ. ಕೊಂದದ್ದು ಬೋಧನೆಯ ಏರ್ಪಾಟು; ಕೊಲ್ಲುತ್ತಿದ್ದುದು ಏನು ಎಂಬುದನ್ನು ಬಯಲಿಗೆಳೆದದ್ದೂ ಅದೇ ಏರ್ಪಾಟು. ಎರಡು ಘಟಕಗಳು ಪಕ್ಕಪಕ್ಕದಲ್ಲಿ ಇರದಿದ್ದರೆ, ಪ್ರತಿ ಸಾವಿನ ಲೆಕ್ಕ ಬರೆದಿಡುವ ದೊಡ್ಡ ಸಾರ್ವಜನಿಕ ಸಂಸ್ಥೆ ಅದಾಗಿರದಿದ್ದರೆ ಈ ಹೋಲಿಕೆ ಸಾಧ್ಯವಿರಲಿಲ್ಲ. ಇನ್ನೊಂದು ಸಂಗತಿ ಎಂದರೆ, ವೈದ್ಯರಿಗಿಂತ ಮೊದಲು ಇದು ರೋಗಿಗಳಿಗೆ ತಿಳಿದಿತ್ತು. ದಿನ ಬಿಟ್ಟು ದಿನ ಒಂದೊಂದು ಘಟಕಕ್ಕೆ ಸೇರಿಸಿಕೊಳ್ಳುವ ಪದ್ಧತಿ ಇದ್ದುದರಿಂದ, ಮೊದಲ ಘಟಕದ ಸರದಿ ಎಂದು ಗೊತ್ತಾದ ಹೆಂಗಸರು ಮೊಣಕಾಲೂರಿ ಬೇಡವೆಂದು ಬೇಡಿಕೊಳ್ಳುತ್ತಿದ್ದರು. ಕೆಲವರು ದಾರಿಯಲ್ಲಿಯೇ ಹೆತ್ತು ಬರುತ್ತಿದ್ದರು. ದಾರಿಯಲ್ಲಿ ಹೆತ್ತವರಲ್ಲಿ ನಂಜು ಕಡಿಮೆ ಎಂಬುದನ್ನೂ ಸೆಮ್ಮೆಲ್‌ವೈಸ್ ಗಮನಿಸಿದ್ದ. ಆ ಹೆಂಗಸರ ಅಳಲನ್ನು ಸಾಕ್ಷ್ಯವೆಂದು ಯಾರೂ ಎಣಿಸಿರಲಿಲ್ಲ.

ಇದಾದ ಅರ್ಧ ಶತಮಾನದ ಮೇಲೆ ವೈದ್ಯ ಶಿಕ್ಷಣ ಹಾಸಿಗೆಯ ಪಕ್ಕಕ್ಕೆ ಅಧಿಕೃತವಾಗಿ ಬಂದಿತು. ಬಾಲ್ಟಿಮೋರ್‌ನಲ್ಲಿ 1889ರಲ್ಲಿ ತೆರೆದ ಜಾನ್ಸ್ ಹಾಪ್‌ಕಿನ್ಸ್ ಆಸ್ಪತ್ರೆಯಲ್ಲಿ ಪ್ರಾಧ್ಯಾಪಕ ವಿಲಿಯಂ ಆಸ್ಲರ್ ವಿದ್ಯಾರ್ಥಿಗಳನ್ನು ಉಪನ್ಯಾಸದ ಕೊಠಡಿಯಿಂದ ವಾರ್ಡಿಗೆ ಕರೆತಂದರು. ಅಮೆರಿಕ ಮತ್ತು ಕೆನಡಾದ 155 ವೈದ್ಯ ಶಾಲೆಗಳನ್ನು ಸುತ್ತಿ ಬಂದ ಶಿಕ್ಷಣ ತಜ್ಞ ಅಬ್ರಹಾಂ ಫ್ಲೆಕ್ಸ್‌ನರ್ 1910ರಲ್ಲಿ ನೀಡಿದ ವರದಿಯ ನಂತರ, ಸ್ವಂತ ಆಸ್ಪತ್ರೆಯ ಆಸರೆ ಇಲ್ಲದ ಶಾಲೆಗಳಿಗೆ ಉಳಿಗಾಲವಿಲ್ಲವೆಂಬುದು ಸ್ಪಷ್ಟವಾಯಿತು. ಅಲ್ಲಿಂದ ಮುಂದೆ ಹೊಸ ಶಾಲೆಗೆ ಮೊದಲು ಬೇಕಾದದ್ದು ರೋಗಿಗಳು, ಅದರಲ್ಲಿಯೂ ಸಂಖ್ಯೆಯಲ್ಲಿ ಹೆಚ್ಚಿದ್ದು ಎದುರು ಮಾತಾಡದ ರೋಗಿಗಳು. ನಗರದ ಸಾರ್ವಜನಿಕ ಆಸ್ಪತ್ರೆಗಳಲ್ಲಿ ಅವರು ಧಾರಾಳವಾಗಿ ಸಿಗುತ್ತಿದ್ದರು.

ಎದುರು ಮಾತಾಡದಿರುವುದು ಒಪ್ಪಿಗೆಯಲ್ಲ ಎಂಬುದು ಕಾನೂನಿಗೆ ಗೊತ್ತಾಗಲು ಬಹಳ ಕಾಲ ಹಿಡಿಯಿತು. ನ್ಯೂಜಿಲೆಂಡಿನ ಆಕ್ಲೆಂಡ್ ನಗರದ ನ್ಯಾಷನಲ್ ವಿಮೆನ್ಸ್ ಆಸ್ಪತ್ರೆ ಇದಕ್ಕೆ ದೊಡ್ಡ ಉದಾಹರಣೆ. ಗರ್ಭಕಂಠದಲ್ಲಿ ಕ್ಯಾನ್ಸರಿನ ಪೂರ್ವಾವಸ್ಥೆ ಕಂಡುಬಂದ ಹಲವು ಮಹಿಳೆಯರಿಗೆ ರೂಢಿಯ ಚಿಕಿತ್ಸೆ ಕೊಡದೆ, ಅದು ಮುಂದುವರಿಯುತ್ತದೆಯೇ ಎಂದು ಕಾದು ನೋಡುವ ಅಧ್ಯಯನವೊಂದು 1966ರಿಂದ ಅಲ್ಲಿ ನಡೆದಿತ್ತು. ತಾವು ಅಧ್ಯಯನಕ್ಕೆ ಒಳಗಾಗಿದ್ದೇವೆಂಬುದು ಆ ಮಹಿಳೆಯರಿಗೇ ತಿಳಿದಿರಲಿಲ್ಲ. 1987ರಲ್ಲಿ ಪತ್ರಿಕಾ ಲೇಖನವೊಂದು ಇದನ್ನು ಹೊರಗೆಳೆದಾಗ ನ್ಯಾಯಾಧೀಶೆ ಸಿಲ್ವಿಯಾ ಕಾರ್ಟ್‌ರೈಟ್ ಅವರ ನೇತೃತ್ವದಲ್ಲಿ ವಿಚಾರಣೆ ನಡೆದು 1988ರಲ್ಲಿ ವರದಿ ಬಂದಿತು. ಮುಖ್ಯ ಆರೋಪದ ಜೊತೆಗೆ ವಿಚಾರಣೆಯಲ್ಲಿ ಇನ್ನೊಂದು ಸಂಗತಿ ಹೊರಬಿತ್ತು: ಅರಿವಳಿಕೆಯಲ್ಲಿ ಮಲಗಿದ್ದ ಮಹಿಳೆಯರ ಮೇಲೆ, ಅವರನ್ನು ಕೇಳದೆಯೇ, ವಿದ್ಯಾರ್ಥಿಗಳಿಗೆ ಒಳಪರೀಕ್ಷೆ ಕಲಿಸಲಾಗುತ್ತಿತ್ತು. ಅದು ಆ ಒಂದು ಆಸ್ಪತ್ರೆಯ ವಿಕೃತಿಯೇನಲ್ಲ, ಅನೇಕ ದೇಶಗಳ ರೂಢಿಯಾಗಿತ್ತು. ಅಮೆರಿಕದ ಆರೋಗ್ಯ ಇಲಾಖೆ ಇಂಥ ಸೂಕ್ಷ್ಮ ಪರೀಕ್ಷೆಗಳಿಗೆ ರೋಗಿಯ ಪ್ರತ್ಯೇಕ ಒಪ್ಪಿಗೆ ಇರಲೇಬೇಕೆಂದು ಆಸ್ಪತ್ರೆಗಳಿಗೆ ಬರೆದದ್ದು 2024ರ ಏಪ್ರಿಲ್‌ನಲ್ಲಿ. ಆಕ್ಲೆಂಡಿನ ವರದಿಗೂ ಇದಕ್ಕೂ ನಡುವೆ 36 ವರ್ಷಗಳು ಸರಿದಿದ್ದವು.

ಕೇಳಿದರೆ ಯಾರೂ ಒಪ್ಪುವುದಿಲ್ಲ, ಆಮೇಲೆ ಕಲಿಸುವುದು ಹೇಗೆ ಎಂಬುದು ಹಿರಿಯ ಪ್ರಾಧ್ಯಾಪಕರ ಹಳೆಯ ಆತಂಕ. ಅದನ್ನು ಹಗುರವಾಗಿ ತಳ್ಳಿಹಾಕಬಾರದು, ಏಕೆಂದರೆ ರೋಗಿಯನ್ನು ಮುಟ್ಟದೆ ಕಲಿತ ವೈದ್ಯ ಮುಂದಿನ ರೋಗಿಗೆ ಅಪಾಯ. ಆದರೆ ಮುಟ್ಟುವ ಮೊದಲು ಹೆಸರು ಹೇಳಿ, ತಾನು ವಿದ್ಯಾರ್ಥಿ ಎಂದು ಹೇಳಿ, ನೋಡಬಹುದೇ ಎಂದು ಕೇಳಿದಾಗ ಬಹಳ ಮಂದಿ ಆಗಲಿ ಎನ್ನುತ್ತಾರೆ ಎಂಬುದು ವಾರ್ಡಿನಲ್ಲಿ ಪಾಠ ಹೇಳುವವರ ನಿತ್ಯದ ಅನುಭವ. ನನಗೆ ಕಾಣುವಂತೆ ನಿಜವಾದ ತೊಡಕು ಬೇರೆಡೆ ಇದೆ. ಬೇಡ ಎಂದರೆ ಚಿಕಿತ್ಸೆ ತಡವಾದೀತು, ಡಾಕ್ಟರರಿಗೆ ಸಿಟ್ಟು ಬಂದೀತು ಎಂಬ ಅಳುಕು ಇರುವವನ ಹೂಂ ಎಷ್ಟರಮಟ್ಟಿಗೆ ಹೂಂ? ಹಣ ಕೊಟ್ಟು ಬೇರೆಡೆಗೆ ಹೋಗಬಲ್ಲವನ ಒಪ್ಪಿಗೆಗೂ ಹೋಗಲು ಬೇರೆ ಜಾಗವಿಲ್ಲದವನ ಒಪ್ಪಿಗೆಗೂ ತೂಕ ಒಂದೇ ಅಲ್ಲ. ಆ ಕಾರಣಕ್ಕೆ ಒಪ್ಪಿಗೆಯ ನಮೂನೆಗೆ ಸಹಿ ಹಾಕಿಸಿಕೊಂಡಲ್ಲಿಗೆ ಕೆಲಸ ಮುಗಿಯುವುದಿಲ್ಲ. ಬೇಡ ಎಂದವನಿಗೂ ಅದೇ ಹಾಸಿಗೆ, ಅದೇ ಔಷಧ, ಅದೇ ಮುಖಭಾವ ಸಿಗುತ್ತದೆಯೇ ಎಂಬುದೇ ಆಸ್ಪತ್ರೆಯೊಂದರ ನಿಜವಾದ ಪರೀಕ್ಷೆ. ನ್ಯೂಜಿಲೆಂಡ್ 1996ರಲ್ಲಿ ಜಾರಿಗೆ ತಂದ ರೋಗಿಗಳ ಹಕ್ಕುಗಳ ಸಂಹಿತೆಯಲ್ಲಿ ಎರಡು ಅಂಶಗಳು ಗಮನಾರ್ಹ. ಚಿಕಿತ್ಸೆಯಲ್ಲಿರುವ ಹಕ್ಕುಗಳೆಲ್ಲ ಬೋಧನೆಗೂ ಸಂಶೋಧನೆಗೂ ಅನ್ವಯವಾಗುತ್ತವೆ ಎಂದು ಅದು ಬಿಡಿಸಿ ಹೇಳಿದೆ. ಅಗತ್ಯವಿದ್ದು ಸಾಧ್ಯವಿದ್ದಲ್ಲೆಲ್ಲ ಸಮರ್ಥ ದುಭಾಷಿಯನ್ನು ಪಡೆಯುವುದು ರೋಗಿಯ ಹಕ್ಕು ಎಂದೂ ಹೇಳಿದೆ. ಈ ಎರಡನ್ನೂ ಒಂದೇ ಪತ್ರದಲ್ಲಿ ಇಟ್ಟದ್ದು ಅರ್ಥಪೂರ್ಣ, ಏಕೆಂದರೆ ತಿಳಿಯದ ಭಾಷೆಯಲ್ಲಿ ಕೇಳಿದ ಪ್ರಶ್ನೆಗೆ ಕೊಟ್ಟ ಒಪ್ಪಿಗೆ ಒಪ್ಪಿಗೆಯೇ ಅಲ್ಲ.

ಭಾಷೆಯ ಮಾತು ಬಂದಾಗ ವೈದ್ಯಲೋಕದಲ್ಲಿ ಮತ್ತೆ ಮತ್ತೆ ನೆನಪಿಸಿಕೊಳ್ಳುವ ಒಂದು ಪ್ರಕರಣವಿದೆ. 1980ರಲ್ಲಿ ಅಮೆರಿಕದ ಫ್ಲೋರಿಡಾದಲ್ಲಿ 18 ವರ್ಷದ ಯುವಕನೊಬ್ಬನನ್ನು ಪ್ರಜ್ಞೆ ತಪ್ಪಿದ ಸ್ಥಿತಿಯಲ್ಲಿ ಆಸ್ಪತ್ರೆಗೆ ತಂದರು. ಕ್ಯೂಬಾ ಮೂಲದ ಮನೆಯವರು ಆತ ‘ಇಂಟಾಕ್ಸಿಕಾಡೊ’ ಆಗಿದ್ದಾನೆ ಎಂದರು. ಅವರ ಸ್ಪ್ಯಾನಿಷ್‌ನಲ್ಲಿ ಆ ಪದಕ್ಕೆ ತಿಂದದ್ದೋ ಕುಡಿದದ್ದೋ ಮೈಗೆ ಹಿಡಿಯದೆ ಆರೋಗ್ಯ ಕೆಟ್ಟಿದೆ ಎಂಬಷ್ಟೇ ಅರ್ಥ. ವೈದ್ಯರು ಅದನ್ನು ಅಮಲು ಎಂದು ತಿಳಿದು ಮಾದಕವಸ್ತುವಿನ ಅತಿಸೇವನೆಯ ಚಿಕಿತ್ಸೆಗೆ ತೊಡಗಿದರು. ನಿಜಕ್ಕೂ ಆಗಿದ್ದುದು ಮಿದುಳಿನಲ್ಲಿ ರಕ್ತಸ್ರಾವ. ಅದು ಗೊತ್ತಾಗುವ ಹೊತ್ತಿಗೆ ಎರಡು ದಿನ ಕಳೆದಿತ್ತು, ಆತನ ಎರಡೂ ಕೈಗಳು ಎರಡೂ ಕಾಲುಗಳು ಶಾಶ್ವತವಾಗಿ ಸ್ವಾಧೀನ ತಪ್ಪಿದವು. ಅಲ್ಲಿ ಯಾರೂ ದುಭಾಷಿಯನ್ನು ಕರೆಸಲಿಲ್ಲ, ಏಕೆಂದರೆ ಮಾತು ಅರ್ಥವಾಗಿದೆ ಎಂದೇ ಎರಡೂ ಕಡೆಯವರು ನಂಬಿದ್ದರು. ಭಾಷೆ ಪೂರ್ತಿ ಗೊತ್ತಿಲ್ಲದಿದ್ದಾಗ ಎಚ್ಚರವಾದರೂ ಇರುತ್ತದೆ. ಅರ್ಧಂಬರ್ಧ ಗೊತ್ತಿದ್ದಾಗ ಅದೂ ಇರುವುದಿಲ್ಲ.

ಸಾರ್ವಜನಿಕ ಆಸ್ಪತ್ರೆಗಳಲ್ಲಿ ಬಹುಪಾಲು ಅನುವಾದ ನಡೆಯುವುದು ಯಾರ ಬಾಯಿಂದ ಎಂಬುದನ್ನು ನೋಡಿದರೆ ಈ ಅಪಾಯದ ಗಾತ್ರ ತಿಳಿಯುತ್ತದೆ. ರೋಗಿಯ ಮಗಳು, ಪಕ್ಕದ ಹಾಸಿಗೆಯವರ ಸಂಬಂಧಿ, ನೆಲ ಒರೆಸುವವರು, ಕಾವಲುಗಾರರು, ಎಲ್ಲಕ್ಕಿಂತ ಹೆಚ್ಚಾಗಿ ದಾದಿಯರು. ಮಕ್ಕಳ ಚಿಕಿತ್ಸಾಲಯವೊಂದರ 13 ಭೇಟಿಗಳನ್ನು ಧ್ವನಿಮುದ್ರಿಸಿ ಪರಿಶೀಲಿಸಿದ, 2003ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಭೇಟಿಯೊಂದಕ್ಕೆ ಸರಾಸರಿ 31 ಅನುವಾದದ ತಪ್ಪುಗಳು ಸಿಕ್ಕವು. ಅವುಗಳಲ್ಲಿ ಶೇಕಡಾ 63ರಷ್ಟು ಚಿಕಿತ್ಸೆಯ ಮೇಲೆ ಪರಿಣಾಮ ಬೀರಬಲ್ಲವಾಗಿದ್ದವು. ಆಸ್ಪತ್ರೆಯ ದುಭಾಷಿಗಳೂ ತಪ್ಪು ಮಾಡಿದ್ದರು, ಆದರೆ ಕೈಗೆ ಸಿಕ್ಕವರನ್ನು ಕರೆದು ಅನುವಾದ ಮಾಡಿಸಿದಾಗ ಅಪಾಯಕರ ತಪ್ಪುಗಳ ಪಾಲು ಗಣನೀಯವಾಗಿ ಹೆಚ್ಚಿತ್ತು. ತಾಯಿಯ ಮುಟ್ಟಿನ ತೊಂದರೆಯನ್ನು ಹತ್ತು ಹನ್ನೆರಡು ವರ್ಷದ ಮಗ ವೈದ್ಯರಿಗೆ ವಿವರಿಸಬೇಕಾಗಿ ಬಂದಾಗ ಆಕೆ ಏನನ್ನು ಹೇಳುತ್ತಾಳೆ, ಏನನ್ನು ನುಂಗಿಕೊಳ್ಳುತ್ತಾಳೆ ಎಂಬುದಕ್ಕೆ ಅಧ್ಯಯನ ಬೇಕಿಲ್ಲ. ಗಂಡನೇ ದುಭಾಷಿಯಾದರೆ ಮೈಮೇಲಿನ ಬಾಸುಂಡೆಗಳ ಕಾರಣ ಕೇಸ್ ಶೀಟಿಗೆ ಬರುವುದಿಲ್ಲ.

ದಕ್ಷಿಣ ಆಫ್ರಿಕಾದ ಸೊವೆಟೊದಲ್ಲಿರುವ ಕ್ರಿಸ್ ಹಾನಿ ಬರಗ್ವಾನತ್ ಆಸ್ಪತ್ರೆ ಸುಮಾರು 3,200 ಹಾಸಿಗೆಗಳ, ಜಗತ್ತಿನ ಅತಿ ದೊಡ್ಡ ಆಸ್ಪತ್ರೆಗಳಲ್ಲೊಂದು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಸೈನಿಕರಿಗಾಗಿ ಕಟ್ಟಿದ ಅದು ಇಂದು ವಿಟ್ವಾಟರ್ಸ್‌ರ‍್ಯಾಂಡ್ ವಿಶ್ವವಿದ್ಯಾಲಯದ ಬೋಧಕ ಆಸ್ಪತ್ರೆ. ಸಂಜ್ಞಾ ಭಾಷೆಯನ್ನೂ 2023ರಲ್ಲಿ ಸೇರಿಸಿಕೊಂಡ ಮೇಲೆ ಆ ದೇಶದ ಅಧಿಕೃತ ಭಾಷೆಗಳು 12. ಪಾಠ ಇಂಗ್ಲಿಷಿನಲ್ಲಿ, ರೋಗಿಯ ಮಾತು ಜುಲು, ಸೊಥೊ, ತ್ಸ್ವಾನಾ, ಷೋಸಾ, ತ್ಸೊಂಗಾ ಹೀಗೆ ಯಾವುದರಲ್ಲಾದರೂ ಇರಬಹುದು. ಇಂಥ ಕಡೆ ವಾರ್ಡನ್ನು ನಡೆಸುವುದು ದಾದಿಯರ ಬಹುಭಾಷಿಕತೆ. ಅದು ಅವರ ನೇಮಕಾತಿಯ ಪತ್ರದಲ್ಲಿ ಇಲ್ಲ, ಸಂಬಳದಲ್ಲಿಯೂ ಇಲ್ಲ. ಡ್ರಿಪ್ ಬದಲಿಸಬೇಕಾದ ಹೊತ್ತಿನಲ್ಲಿ ಮೂರನೆಯ ಹಾಸಿಗೆಗೆ ಅನುವಾದಕ್ಕೆಂದು ಕರೆ ಬಂದರೆ ಎರಡರಲ್ಲಿ ಒಂದು ಕೆಲಸ ಕೆಡುತ್ತದೆ. ದೂರವಾಣಿಯ ಮೂಲಕ ದುಭಾಷಿಗಳನ್ನು ಒದಗಿಸುವ ಸೇವೆ ಹಲವು ದೇಶಗಳಲ್ಲಿ ಬಂದಿದೆ, ಈಗ ಯಂತ್ರಾನುವಾದವೂ ಬರುತ್ತಿದೆ. ಔಷಧ ಎಷ್ಟು ಹೊತ್ತಿಗೊಮ್ಮೆ ಎಂದು ಹೇಳಲು ಇವು ಸಾಕಾಗಬಹುದು. ಸಾಯುತ್ತಿರುವವರ ಮಗನಿಗೆ ವೆಂಟಿಲೇಟರ್ ತೆಗೆಯುವ ವಿಚಾರ ಹೇಳಲು ಮನುಷ್ಯನೇ ಬೇಕು, ಅದೂ ಆ ಮಾತಿನ ಗೌರವ ಸೂಚಕಗಳನ್ನೂ ಮೌನಗಳನ್ನೂ ಬಲ್ಲವನು ಬೇಕು.

ಬಹುಭಾಷಿಕ ಬಡಾವಣೆಯ ಆಸ್ಪತ್ರೆಯ ಮೇಲೆ ಒತ್ತಡ ಬಿದ್ದಾಗ ಏನಾಗುತ್ತದೆ ಎಂಬುದನ್ನು ನ್ಯೂಯಾರ್ಕ್‌ನ ಕ್ವೀನ್ಸ್ ಪ್ರದೇಶದ ಎಲ್ಮ್‌ಹರ್ಸ್ಟ್ ಆಸ್ಪತ್ರೆ ತೋರಿಸಿತು. ನೂರಕ್ಕೂ ಹೆಚ್ಚು ಭಾಷೆಗಳನ್ನಾಡುವ ವಲಸಿಗರ ನಡುವೆ ಇರುವ, 545 ಹಾಸಿಗೆಗಳ ಈ ಸಾರ್ವಜನಿಕ ಆಸ್ಪತ್ರೆಯಲ್ಲಿ 2020ರ ಮಾರ್ಚ್ ಕೊನೆಯ ವಾರ ಒಂದೇ ದಿನದಲ್ಲಿ 13 ಮಂದಿ ಕೋವಿಡ್‌ನಿಂದ ಸತ್ತರು. ಸುತ್ತಲಿನ ಜನ ಅಡುಗೆಮನೆಗಳಲ್ಲಿ, ಟ್ಯಾಕ್ಸಿಗಳಲ್ಲಿ, ಕಟ್ಟಡದ ಕೆಲಸಗಳಲ್ಲಿ ದುಡಿಯುವವರು. ಮನೆಯಲ್ಲಿ ಕೂತು ದುಡಿಯುವ ಸೌಕರ್ಯ ಅವರಿಗಿರಲಿಲ್ಲ, ಇಕ್ಕಟ್ಟಾದ ಮನೆಗಳಲ್ಲಿ ದೂರ ನಿಲ್ಲುವ ಜಾಗವೂ ಇರಲಿಲ್ಲ. ಆಸ್ಪತ್ರೆಯೊಂದರ ತುರ್ತು ವಿಭಾಗದ ಸಾಲು ಆ ನಗರದ ಮನೆಬಾಡಿಗೆಯ, ಕೂಲಿಯ, ವಲಸೆಯ ನಕ್ಷೆಯೇ ಆಗಿರುತ್ತದೆ.

ಇನ್ನು ವೈವಿಧ್ಯವನ್ನು ಹೊರೆಯೆಂದಷ್ಟೇ ಕಾಣುವುದು ತಪ್ಪು. ವೈದ್ಯವಿಜ್ಞಾನದ ಮಟ್ಟಿಗೆ ಅದು ಸಂಪತ್ತು. ಬೆರಳಿಗೆ ಸಿಕ್ಕಿಸಿ ರಕ್ತದಲ್ಲಿನ ಆಮ್ಲಜನಕ ಅಳೆಯುವ ಪಲ್ಸ್ ಆಕ್ಸಿಮೀಟರ್‌ನ ಕಥೆಯನ್ನೇ ನೋಡಬಹುದು. ಬೆಳಕು ಚರ್ಮವನ್ನು ದಾಟಿ ಹೋಗುವ ಬಗೆಯನ್ನು ಅವಲಂಬಿಸಿ ಅದು ಕೆಲಸ ಮಾಡುತ್ತದೆ. ಯಂತ್ರ ಶೇಕಡಾ 92ರಿಂದ 96 ಎಂದು ತೋರಿಸುತ್ತಿದ್ದಾಗ, ರಕ್ತವನ್ನೇ ತೆಗೆದು ಪರೀಕ್ಷಿಸಿದರೆ ನಿಜಾಂಶ 88ಕ್ಕಿಂತ ಕೆಳಗಿದ್ದ ಸಂದರ್ಭಗಳು ಬಿಳಿಯರಲ್ಲಿ ಶೇಕಡಾ 3.6, ಕಪ್ಪು ವರ್ಣದವರಲ್ಲಿ 11.7 ಎಂದು ಅಮೆರಿಕದಲ್ಲಿ 2020ರ ಡಿಸೆಂಬರ್‌ನಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಎಲ್ಲ ಬಣ್ಣದ ಬೆರಳುಗಳೂ ಇರುವ ವಾರ್ಡುಗಳ ದಾಖಲೆ ಇಲ್ಲದೆ ಈ ಹೋಲಿಕೆ ಸಾಧ್ಯವಿಲ್ಲ. ಮೂತ್ರಪಿಂಡದ ಸಾಮರ್ಥ್ಯವನ್ನು ಅಂದಾಜು ಮಾಡುವ ಸೂತ್ರದಲ್ಲಿಯೂ ಕಪ್ಪು ವರ್ಣದವರ ಅಂಕವನ್ನು ಹೆಚ್ಚಿಸಿ ತೋರಿಸುವ ಗುಣಕವೊಂದಿತ್ತು. ಅಂಕ ಹೆಚ್ಚಿದ್ದರಿಂದ ಕಾಯಿಲೆ ಕಡಿಮೆಯೆಂದು ಕಂಡು, ಕಸಿಗಾಗಿ ಕಾಯುವ ಪಟ್ಟಿಗೆ ಅವರು ತಡವಾಗಿ ಸೇರುತ್ತಿದ್ದರು. 2021ರಲ್ಲಿ ತಜ್ಞರ ಸಮಿತಿ ಆ ಗುಣಕವನ್ನು ಕೈಬಿಡಲು ಶಿಫಾರಸು ಮಾಡಿತು. ಪಠ್ಯಪುಸ್ತಕ ಯಾರ ದೇಹವನ್ನು ನೋಡಿ ಬರೆದದ್ದು ಎಂಬ ಪ್ರಶ್ನೆ ಕೇಳಲ್ಪಡುವುದೇ ಆ ಪುಸ್ತಕಕ್ಕೆ ಹೊಂದದ ದೇಹಗಳು ಹಾಸಿಗೆಯ ಮೇಲೆ ಬಂದು ಮಲಗಿದಾಗ.

ಸಾರ್ವಜನಿಕ ಆಸ್ಪತ್ರೆಗಳು ಲೋಕಕ್ಕೆ ಕೊಟ್ಟದ್ದರ ಪಟ್ಟಿ ದೊಡ್ಡದು. ಷಿಕಾಗೋದ ಕುಕ್ ಕೌಂಟಿ ಆಸ್ಪತ್ರೆಯಲ್ಲಿ ಬರ್ನಾರ್ಡ್ ಫ್ಯಾಂಟಸ್ 1937ರಲ್ಲಿ ಶುರು ಮಾಡಿದ ರಕ್ತನಿಧಿ, ಆರು ಹಾಸಿಗೆಗಳಿಂದ 1736ರಲ್ಲಿ ಆರಂಭವಾದ ನ್ಯೂಯಾರ್ಕಿನ ಬೆಲ್‌ವ್ಯೂ ಆಸ್ಪತ್ರೆಯಲ್ಲಿ ಕೂರ್ನಾನ್ ಮತ್ತು ರಿಚರ್ಡ್ಸ್ ಹೃದಯಕ್ಕೆ ನಳಿಕೆ ತೂರಿಸಿ ನಡೆಸಿದ, 1956ರ ನೊಬೆಲ್ ಪಡೆದ ಅಧ್ಯಯನಗಳು ಇವೆಲ್ಲ ಪ್ರಸಿದ್ಧ. ನನಗೆ ಇವುಗಳಿಗಿಂತ ದೊಡ್ಡದಾಗಿ ಕಾಣುವುದು ಸ್ಯಾನ್ ಫ್ರಾನ್ಸಿಸ್ಕೋ ಜನರಲ್ ಆಸ್ಪತ್ರೆಯಲ್ಲಿ 1983ರ ಜುಲೈನಲ್ಲಿ ತೆರೆದ 5ಬಿ ವಾರ್ಡು. ಏಡ್ಸ್ ರೋಗಿಗಳನ್ನು ಮುಟ್ಟಲು ಜನ ಹೆದರುತ್ತಿದ್ದ ಕಾಲದಲ್ಲಿ ಅಲ್ಲಿನ ದಾದಿಯರು ಕೈಗವಸಿಲ್ಲದೆ ರೋಗಿಯ ಕೈ ಹಿಡಿದು ಕೂರುತ್ತಿದ್ದರು, ನನ್ನವರು ಯಾರು ಎಂದು ರೋಗಿಯೇ ಹೇಳಲಿ, ಅವರನ್ನೇ ಒಳಗೆ ಬಿಡೋಣ ಎಂದು ನಿಯಮ ಮಾಡಿದರು. ಯಂತ್ರವೂ ಔಷಧವೂ ಇಲ್ಲದ ಈ ಆವಿಷ್ಕಾರ ಬೇರೆ ಕಡೆಗಳಿಗೂ ಹಬ್ಬಿತು.

ಕಲಿಕೆಯ ಭಾರವನ್ನು ರೋಗಿಯ ಜೊತೆಗೆ ಹೊರುವ ಇನ್ನೊಬ್ಬರೆಂದರೆ ಕಲಿಯುವವರೇ. ಕೂಲಿಯ ಲೆಕ್ಕದಲ್ಲಿ ವಿದ್ಯಾರ್ಥಿ, ಕೆಲಸದ ಲೆಕ್ಕದಲ್ಲಿ ವೈದ್ಯ ಎಂಬ ಈ ಇಬ್ಬಂದಿತನವೇ ಬೋಧಕ ಆಸ್ಪತ್ರೆಯನ್ನು ಅಗ್ಗವಾಗಿ ನಡೆಸುವ ಉಪಾಯ. ನ್ಯೂಯಾರ್ಕಿನ ಬೋಧಕ ಆಸ್ಪತ್ರೆಯೊಂದರಲ್ಲಿ 1984ರಲ್ಲಿ ದೀರ್ಘ ಪಾಳಿಯಲ್ಲಿದ್ದ ತರಬೇತಿ ವೈದ್ಯರ ಆರೈಕೆಯಲ್ಲಿ 18 ವರ್ಷದ ಯುವತಿಯೊಬ್ಬಳು ಸತ್ತ ಪ್ರಕರಣದ ನಂತರ ಆ ರಾಜ್ಯ 1989ರಿಂದ ತರಬೇತಿಯಲ್ಲಿರುವ ವೈದ್ಯರಿಗೆ ವಾರಕ್ಕೆ 80 ಗಂಟೆಗಳ ಮಿತಿ ಹಾಕಿತು. ಅಮೆರಿಕದಾದ್ಯಂತ ಅದು ಬಂದದ್ದು 2003ರಲ್ಲಿ. ಯುರೋಪಿನಲ್ಲಿ 2009ರಿಂದ ಸರಾಸರಿ 48 ಗಂಟೆ. ಎಂಬತ್ತು ಗಂಟೆಯನ್ನು ಸುಧಾರಣೆ ಎಂದು ಕರೆಯುವ ವೃತ್ತಿ ಬೇರೊಂದು ಇದ್ದರೆ ನನಗೆ ತಿಳಿಯದು. 2024ರ ಫೆಬ್ರುವರಿಯಲ್ಲಿ ದಕ್ಷಿಣ ಕೊರಿಯಾ ತನ್ನ ವೈದ್ಯ ಶಿಕ್ಷಣದ 3,058 ಸೀಟುಗಳಿಗೆ ಇನ್ನೂ 2,000 ಸೇರಿಸುವುದಾಗಿ ಪ್ರಕಟಿಸಿದಾಗ ಸಾವಿರಾರು ತರಬೇತಿ ವೈದ್ಯರು ರಾಜೀನಾಮೆ ಕೊಟ್ಟು ಹೊರನಡೆದರು, ಸೋಲ್ ನಗರದ ದೊಡ್ಡ ಆಸ್ಪತ್ರೆಗಳು ಶಸ್ತ್ರಚಿಕಿತ್ಸೆಗಳನ್ನು ಮುಂದೂಡಬೇಕಾಯಿತು. ಅವರ ಆ ಪ್ರತಿಭಟನೆಯ ಬಗ್ಗೆ ಏನೇ ಅಭಿಪ್ರಾಯವಿರಲಿ, ದೇಶದ ಅತ್ಯುತ್ತಮ ಆಸ್ಪತ್ರೆಗಳು ಕಲಿಯುತ್ತಿರುವವರ ದುಡಿಮೆಯ ಮೇಲೆ ಎಷ್ಟು ವಾಲಿಕೊಂಡಿವೆ ಎಂಬುದು ಅಂದು ಎಲ್ಲರಿಗೂ ಕಂಡಿತು. ಅದೇ ವರ್ಷ ಆಗಸ್ಟ್ 9ರಂದು ಕೋಲ್ಕತ್ತಾದ ಆರ್.ಜಿ. ಕರ್ ವೈದ್ಯಕೀಯ ಕಾಲೇಜಿನಲ್ಲಿ ದೀರ್ಘ ಡ್ಯೂಟಿಯ ನಡುವೆ ಸೆಮಿನಾರ್ ಕೊಠಡಿಯಲ್ಲಿ ವಿಶ್ರಾಂತಿ ಪಡೆಯುತ್ತಿದ್ದ ಸ್ನಾತಕೋತ್ತರ ವಿದ್ಯಾರ್ಥಿನಿಯ ಅತ್ಯಾಚಾರ ಮತ್ತು ಕೊಲೆ ನಡೆದಾಗ ಎದ್ದ ಪ್ರಶ್ನೆಗಳಲ್ಲಿ ಒಂದು ತೀರ ಸರಳವಾಗಿತ್ತು: ರಾತ್ರಿಯಿಡೀ ದುಡಿಯುವವರಿಗೆ ಒಳಗಿನಿಂದ ಬಾಗಿಲು ಹಾಕಿಕೊಳ್ಳಬಹುದಾದ ಒಂದು ಕೋಣೆ ಏಕಿರಲಿಲ್ಲ?

ದಣಿದ ಕಲಿಕೆಗಾರನೂ ದನಿಯಿಲ್ಲದ ರೋಗಿಯೂ ಎದುರುಬದುರಾಗುವಂತೆ ಮಾಡಿರುವುದು ಹಣದ ಹರಿವು. ನಗರದ ಉಳಿದ ಆಸ್ಪತ್ರೆಗಳು ಲಾಭವಿರುವ ಕಾಯಿಲೆಗಳನ್ನು ಆರಿಸಿಕೊಳ್ಳುತ್ತವೆ, ಉಳಿದದ್ದು ಸಾರ್ವಜನಿಕ ಆಸ್ಪತ್ರೆಗೆ ಬರುತ್ತದೆ. ಕುಕ್ ಕೌಂಟಿ ಆಸ್ಪತ್ರೆಗೆ ಬೇರೆ ಆಸ್ಪತ್ರೆಗಳ ತುರ್ತು ವಿಭಾಗಗಳಿಂದ ಸಾಗಹಾಕಲ್ಪಟ್ಟ 467 ರೋಗಿಗಳ ಮೇಲೆ ನಡೆದು 1986ರಲ್ಲಿ ಪ್ರಕಟವಾದ ಅಧ್ಯಯನ ಇದನ್ನು ಅಂಕಿಗಳಲ್ಲಿ ಹಿಡಿದಿಟ್ಟಿತು. ಅವರಲ್ಲಿ ಶೇಕಡಾ 87 ಮಂದಿಯನ್ನು ಕಳಿಸಿದ್ದಕ್ಕೆ ಕಾರಣ ಸಾಕಷ್ಟು ವಿಮೆ ಇಲ್ಲದಿದ್ದುದು. ಶೇಕಡಾ 24 ಮಂದಿಯ ಸ್ಥಿತಿ ಸಾಗಿಸುವಷ್ಟು ಸ್ಥಿರವಾಗಿರಲಿಲ್ಲ. ಲಿಖಿತ ಒಪ್ಪಿಗೆ ಇದ್ದದ್ದು ಕೇವಲ ಶೇಕಡಾ 6 ಮಂದಿಯದು. ಹಣವಿರಲಿ ಬಿಡಲಿ, ತುರ್ತು ಸ್ಥಿತಿಯಲ್ಲಿ ಬಂದವರನ್ನು ಪರೀಕ್ಷಿಸಿ ಸ್ಥಿತಿ ಸ್ಥಿರಗೊಳಿಸದೆ ಕಳಿಸಕೂಡದು ಎಂಬ ಕಾನೂನನ್ನು ಅಮೆರಿಕ ಅದೇ ವರ್ಷ ತಂದಿತು. ಆ ಕರ್ತವ್ಯಕ್ಕೆಂದು ಪ್ರತ್ಯೇಕ ಹಣವನ್ನು ಮಾತ್ರ ಕೊಡಲಿಲ್ಲ.

ಹಾಗೆಂದು ಎಲ್ಲ ಸೋಲನ್ನೂ ಹಣದ ತಲೆಗೆ ಕಟ್ಟಲಾಗದು. ಲಾಸ್ ಏಂಜಲೀಸ್‌ನ ವಾಟ್ಸ್ ಪ್ರದೇಶದಲ್ಲಿ 1965ರ ದಂಗೆಯ ನಂತರ, ಅಲ್ಲಿನ ಕಪ್ಪು ವರ್ಣದ ಜನರಿಗೆ ಹತ್ತಿರದಲ್ಲಿ ಆಸ್ಪತ್ರೆಯೇ ಇಲ್ಲವೆಂಬುದನ್ನು ಮನಗಂಡು ಕಟ್ಟಿದ, ಮಾರ್ಟಿನ್ ಲೂಥರ್ ಕಿಂಗ್ ಹೆಸರು ಹೊತ್ತ ಬೋಧಕ ಆಸ್ಪತ್ರೆ 1972ರಲ್ಲಿ ತೆರೆಯಿತು. ಚಿಕಿತ್ಸೆಯ ಗುಣಮಟ್ಟ ಕುಸಿಯುತ್ತ ಹೋಗಿ, ತರಬೇತಿಯ ಮಾನ್ಯತೆಯನ್ನು ಒಂದೊಂದಾಗಿ ಕಳೆದುಕೊಂಡು 2007ರಲ್ಲಿ ಅದು ಮುಚ್ಚಿತು. 2015ರಲ್ಲಿ ಸಣ್ಣ ಪ್ರಮಾಣದಲ್ಲಿ ಬೇರೆ ಆಡಳಿತದಡಿ ಮತ್ತೆ ತೆರೆಯುವ ತನಕ ಆ ಜನಕ್ಕೆ ಎಂಟು ವರ್ಷ ಹತ್ತಿರದ ಆಸ್ಪತ್ರೆ ಇರಲಿಲ್ಲ. ಕೆಟ್ಟ ಆಸ್ಪತ್ರೆಯನ್ನು ಸಹಿಸಿಕೊಳ್ಳುವುದೋ ಆಸ್ಪತ್ರೆಯೇ ಇಲ್ಲದಿರುವುದೋ ಎಂಬ ಆಯ್ಕೆಯನ್ನು ಬಡ ಬಡಾವಣೆಗಳ ಮುಂದೆ ಮಾತ್ರ ಇಡಲಾಗುತ್ತದೆ. ನ್ಯೂ ಆರ್ಲಿಯನ್ಸ್‌ನಲ್ಲಿ 1736ರಿಂದ ಬಡವರಿಗೆ ಆಸರೆಯಾಗಿದ್ದ ಚ್ಯಾರಿಟಿ ಆಸ್ಪತ್ರೆ 2005ರ ಕತ್ರೀನಾ ಚಂಡಮಾರುತದ ನಂತರ ಮತ್ತೆ ತೆರೆಯಲೇ ಇಲ್ಲ; ಅದರ ಜಾಗ ತುಂಬುವ ಹೊಸ ಆಸ್ಪತ್ರೆಗೆ ಹತ್ತು ವರ್ಷ ಹಿಡಿಯಿತು.

ಬೋಧನೆಗೆ ಖರ್ಚಾಗುತ್ತದೆ ಎಂಬುದನ್ನು ಸರ್ಕಾರಗಳು ಒಪ್ಪಿಕೊಂಡೇ ಇವೆ. ಬ್ರಿಟನ್ 1970ರ ದಶಕದಿಂದಲೇ ಬೋಧಕ ಆಸ್ಪತ್ರೆಗಳಿಗೆ ಹೆಚ್ಚುವರಿ ಅನುದಾನ ಕೊಡುತ್ತ ಬಂದಿದೆ. ಅಮೆರಿಕದಲ್ಲಿ ಹಿರಿಯ ನಾಗರಿಕರ ಸರ್ಕಾರಿ ವಿಮೆಯಾದ ಮೆಡಿಕೇರ್, ತರಬೇತಿ ವೈದ್ಯರ ಸಂಖ್ಯೆಗೆ ತಕ್ಕಂತೆ ಆಸ್ಪತ್ರೆಗಳಿಗೆ ಹಣ ಕೊಡುತ್ತದೆ. 1997ರ ಕಾನೂನು ಆ ಸಂಖ್ಯೆಗೆ ಮಿತಿ ಹಾಕಿತು. ಮಿತಿ ಬಿದ್ದದ್ದರಿಂದ ತರಬೇತಿಯ ಸ್ಥಾನ ಎಂಬುದು ಆಸ್ತಿಯ ರೂಪ ಪಡೆಯಿತು. ಗಮನಿಸಬೇಕಾದ್ದೆಂದರೆ ಈ ಹಣವೆಲ್ಲ ಕಲಿಯುವವರ ತಲೆ ಎಣಿಕೆಯ ಮೇಲೆ, ಇಲ್ಲವೇ ಆಸ್ಪತ್ರೆಯ ಖರ್ಚಿನ ಮೇಲೆ ನಿಂತಿದೆ. ಕಲಿಸುವ ರೋಗಿಗಾಗಿ ಆ ಸೂತ್ರಗಳಲ್ಲಿ ಒಂದು ಸಾಲೂ ಇಲ್ಲ. ಇದ್ದರೆ ಅದು ರೋಗಿಯ ಕೈಗೆ ಕೊಡುವ ನೋಟುಗಳಾಗಿರಬೇಕಿಲ್ಲ. ಪ್ರತಿ ವಾರ್ಡಿಗೂ ಸಂಬಳದ ದುಭಾಷಿ, ರೌಂಡ್ಸ್ ಮುಗಿದ ಮೇಲೆ ರೋಗಿಯ ಭಾಷೆಯಲ್ಲಿ ಅಂದಿನ ತೀರ್ಮಾನವನ್ನು ವಿವರಿಸಲು ಮೀಸಲಿಟ್ಟ ಕಾಲು ಗಂಟೆ, ಓದಲು ಬರುವ ಭಾಷೆಯಲ್ಲಿ ಡಿಸ್ಚಾರ್ಜ್ ಚೀಟಿ, ತಿಂಗಳಿಗೊಮ್ಮೆ ವೈದ್ಯರು ಬದಲಾದರೂ ರೋಗಿಗೆ ಗುರುತಿನ ಒಂದು ಮುಖ ಉಳಿಯುವಂತೆ ನೇಮಿಸಿದ ಒಬ್ಬ ದಾದಿ ಇವೇ ಸಾಕು. ಇವನ್ನು ಸೌಜನ್ಯದ ಖಾತೆಯಿಂದ ತೆಗೆದು ಬೋಧನೆಯ ಖಾತೆಗೆ ಬರೆದರೆ, ಕೊರತೆ ಬಂದಾಗ ಮೊದಲು ಕತ್ತರಿ ಬೀಳುವುದು ಇವುಗಳ ಮೇಲಾಗಿರುವುದಿಲ್ಲ.

ಫಿಲಡೆಲ್ಫಿಯಾ ನಗರದ ಹಾನೆಮನ್ ಆಸ್ಪತ್ರೆ ಖಾಸಗಿ ಒಡೆತನದ್ದು, ಆದರೆ ಬಂದು ಹೋಗುವವರಲ್ಲಿ ಬಡವರೇ ಹೆಚ್ಚಾಗಿದ್ದ ಹಳೆಯ ಬೋಧಕ ಆಸ್ಪತ್ರೆ. 2019ರಲ್ಲಿ ಅದು ದಿವಾಳಿಯೆಂದು ಘೋಷಿಸಿಕೊಂಡು ಬಾಗಿಲು ಹಾಕಿತು. ತರಬೇತಿಯಲ್ಲಿದ್ದ ಐನೂರಕ್ಕೂ ಹೆಚ್ಚು ವೈದ್ಯರು ದೇಶದ ಬೇರೆ ಬೇರೆ ಕಡೆ ಜಾಗ ಹುಡುಕಿಕೊಂಡರು. ದಿವಾಳಿ ನ್ಯಾಯಾಲಯದ ಮುಂದೆ ಆಸ್ತಿಗಳ ಪಟ್ಟಿ ಬಂದಾಗ ಅದರಲ್ಲಿ ತರಬೇತಿಯ ಸ್ಥಾನಗಳೂ ಇದ್ದವು. ಹರಾಜಿನಲ್ಲಿ ಅವುಗಳಿಗೆ 5.5 ಕೋಟಿ ಡಾಲರ್ ಬೆಲೆ ಕೂಗಲಾಯಿತು. ಸಾರ್ವಜನಿಕ ಹಣದಿಂದ ನಡೆಯುವ ಸ್ಥಾನಗಳನ್ನು ಮಾರುವಂತಿಲ್ಲ ಎಂದು ಕೇಂದ್ರ ಸರ್ಕಾರ ತಕರಾರು ಎತ್ತಿದ್ದರಿಂದ ಆ ಮಾರಾಟ ಕೊನೆಗೆ ನಡೆಯಲಿಲ್ಲ. ಆ ಸ್ಥಾನಗಳಿಗೆ ಅಷ್ಟು ಬೆಲೆ ಬಂದದ್ದು ಅಲ್ಲಿನ ಹಾಸಿಗೆಗಳ ಮೇಲೆ ದಶಕಗಳ ಕಾಲ ಮಲಗಿ ಎದ್ದವರಿಂದ. ಅವರು ಪಟ್ಟಿಯಲ್ಲಿ ಇರಲಿಲ್ಲ. ನಗರದ ಉಳಿದ ಆಸ್ಪತ್ರೆಗಳ ತುರ್ತು ವಿಭಾಗಗಳ ಮುಂದೆ ಹೊಸದಾಗಿ ಹೆಸರು ಬರೆಸಲು ಸಾಲಿನಲ್ಲಿ ನಿಂತಿದ್ದರು.